ಸೊಂಟ ನೋವಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುವ ಇಂಜೆಕ್ಷನ್: ಸೂಜಿ ಸರಿಯಾದ ಜಾಗ ಮುಟ್ಟಿದರೆ ಸಾಕೇ?

ಬೆನ್ನಿಗೆ ಹಾಕುವ ಇಂಜೆಕ್ಷನ್‌ಗಳ ಬಗ್ಗೆ 2025ರ ಫೆಬ್ರುವರಿಯಲ್ಲಿ ಎರಡು ದೊಡ್ಡ ವರದಿಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯದು ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿಯದು. ಕಾಲಿಗೆ ಇಳಿಯುವ ನರದ ನೋವಿಗೆ ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್ (ಬೆನ್ನುಹುರಿಯ ಪೊರೆಯ ಹೊರಗೆ ಹಾಕುವ, ಊತ ಇಳಿಸುವ ಔಷಧ) ಹಾಕಿದರೆ ಮೂರು ತಿಂಗಳವರೆಗೆ ಒಂದಿಷ್ಟು ಪ್ರಯೋಜನವಿದೆ ಎಂದು ಅದು ಹೇಳಿತು. ಎರಡನೆಯದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ಮಾರ್ಗಸೂಚಿ. ಮೂರು ತಿಂಗಳಿಗಿಂತ ಹಳೆಯದಾದ ಬೆನ್ನು ನೋವಿಗೆ ಎಪಿಡ್ಯೂರಲ್ ಬೇಡ, ಕೀಲಿನ ಇಂಜೆಕ್ಷನ್ ಬೇಡ, ನೋವು ಒಯ್ಯುವ ನರಕ್ಕೆ ಸೂಜಿಯಿಂದ ಶಾಖ ಕೊಟ್ಟು ಅದನ್ನು ಸುಡುವ ರೇಡಿಯೊಫ್ರೀಕ್ವೆನ್ಸಿ ಚಿಕಿತ್ಸೆಯೂ ಬೇಡ ಎಂದು ಅದು ಖಡಾಖಂಡಿತವಾಗಿ ಹೇಳಿತು.

ಇತ್ತ ನಮ್ಮ ಊರುಗಳಲ್ಲಿ ಪೇನ್ ಕ್ಲಿನಿಕ್‌ಗಳು ಹೆಚ್ಚುತ್ತಿವೆ. ಆಪರೇಷನ್ ಇಲ್ಲದೆ, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು, ನೋವಿನ ನರಕ್ಕೇ ನಿಖರವಾಗಿ ಇಂಜೆಕ್ಷನ್ ಕೊಡುತ್ತೇವೆ ಎಂಬ ಜಾಹೀರಾತುಗಳು ಫೋನಿನಲ್ಲಿ ಬರುತ್ತಲೇ ಇರುತ್ತವೆ. ವರ್ಷಗಟ್ಟಲೆ ಸೊಂಟ ನೋವು ಅನುಭವಿಸಿದವರು ಯಾರನ್ನು ನಂಬಬೇಕು?

ಈ ಗೊಂದಲಕ್ಕೆ ಮುಖ್ಯ ಕಾರಣ, ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಹೋಗಿರುವುದು. ಸೂಜಿ ಎಲ್ಲಿಗೆ ಹೋಗಿದೆ ಎಂಬುದು ಒಂದು ಪ್ರಶ್ನೆ. ಅಲ್ಲಿಗೆ ಔಷಧ ಹಾಕಿದರೆ ಈ ರೋಗಿಯ ನೋವು ಕಡಿಮೆಯಾಗುತ್ತದೆಯೇ ಎಂಬುದು ಇನ್ನೊಂದು. ಅಲ್ಟ್ರಾಸೌಂಡ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅದೂ ಎಲ್ಲ ಜಾಗದಲ್ಲಿ ಅಲ್ಲ.

ಒಂದೇ ಹೆಸರು, ಹಲವು ಇಂಜೆಕ್ಷನ್

'ನರ್ವ್ ಬ್ಲಾಕ್' ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಇಂಜೆಕ್ಷನ್‌ಗಳು ನಡೆಯುತ್ತವೆ. ಇವನ್ನು ಬಿಡಿಸಿ ನೋಡದಿದ್ದರೆ ಮುಂದಿನ ಚರ್ಚೆ ಅರ್ಥವಾಗುವುದಿಲ್ಲ.

ಬೆನ್ನುಮೂಳೆಯ ಪ್ರತಿ ಎರಡು ಮಣಿಗಳ ನಡುವೆ ಮುಂದೆ ಮೆತ್ತೆಯಂಥ ಡಿಸ್ಕ್ ಇರುತ್ತದೆ. ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲುಗಳಿರುತ್ತವೆ. ಇವೇ ಫ್ಯಾಸೆಟ್ ಕೀಲುಗಳು. ಇವುಗಳ ನೋವನ್ನು ಮೆದುಳಿಗೆ ಒಯ್ಯುವುದು ಮೀಡಿಯಲ್ ಬ್ರಾಂಚ್ ಎಂಬ ಎಳೆಯಷ್ಟು ಸಣ್ಣ ನರ. ಒಂದು ಕೀಲಿಗೆ ಎರಡು ನರಗಳ ಸಂಪರ್ಕ ಇರುವುದರಿಂದ ಒಂದು ಕೀಲನ್ನು ಮರಗಟ್ಟಿಸಲು ಎರಡು ಕಡೆ ಸೂಜಿ ಹಾಕಬೇಕು. ಇದು ಮೀಡಿಯಲ್ ಬ್ರಾಂಚ್ ಬ್ಲಾಕ್.

ಎಪಿಡ್ಯೂರಲ್ ಬೇರೆ. ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಹೊರಗಿನ ಜಾಗಕ್ಕೆ ಸ್ಟೀರಾಯ್ಡ್ ಮತ್ತು ಮರಗಟ್ಟಿಸುವ ಔಷಧ ಹಾಕುವುದು ಇದರ ಕ್ರಮ. ಡಿಸ್ಕ್ ಉಬ್ಬಿ ನರದ ಬೇರು ಊದಿಕೊಂಡು, ಸೊಂಟದಿಂದ ಪಾದದವರೆಗೆ ಸೆಳೆತ ಬರುತ್ತದಲ್ಲ, ಅದೇ ಸಯಾಟಿಕಾ. ಅದಕ್ಕೆ ಹೆಚ್ಚಾಗಿ ಕೊಡುವುದು ಇದನ್ನೇ. ಬೆನ್ನುಮೂಳೆ ಸೊಂಟದ ಮೂಳೆಗೆ ಸೇರುವ ಎಸ್‌ಐ ಕೀಲಿಗೆ ಹಾಕುವುದು ಇನ್ನೊಂದು ಬಗೆ.

ಇವೆಲ್ಲಕ್ಕಿಂತ ಪೂರ್ತಿ ಬೇರೆಯದೂ ಒಂದಿದೆ. ಆಪರೇಷನ್ ದಿನ ಅರಿವಳಿಕೆ ತಜ್ಞರು ನೋವು ತಿಳಿಯದಂತೆ ಹಾಕುವ ಬ್ಲಾಕ್. 2016ರಲ್ಲಿ ಮೊದಲ ಬಾರಿ ವಿವರಿಸಲಾದ ಇರೆಕ್ಟರ್ ಸ್ಪೈನೆ ಬ್ಲಾಕ್ ಈ ಗುಂಪಿಗೆ ಸೇರಿದ್ದು. ಬೆನ್ನಿನ ಆಪರೇಷನ್ ಆದವರಿಗೆ ಮೊದಲ ಒಂದೆರಡು ದಿನ ನೋವಿನ ಮಾತ್ರೆ ಕಡಿಮೆ ಸಾಕಾಗಲಿ ಎಂದು ಇದನ್ನು ಹಾಕುತ್ತಾರೆ. ಇದರ ಗುರಿ ಸ್ನಾಯು ಮತ್ತು ಮೂಳೆಯ ನಡುವಿನ ಪದರ. ಅಲ್ಟ್ರಾಸೌಂಡ್‌ನಲ್ಲಿ ಅದು ಸಾಕಷ್ಟು ಚೆನ್ನಾಗಿ ಕಾಣುತ್ತದೆ. ಬಿಎಂಜೆ ಮಾರ್ಗಸೂಚಿಗೂ ಇದಕ್ಕೂ ಸಂಬಂಧವಿಲ್ಲ. ಆ ಸುದ್ದಿ ಓದಿ ಆಪರೇಷನ್‌ಗೆ ಮುಂಚಿನ ಬ್ಲಾಕ್ ಬೇಡ ಎಂದರೆ ನಷ್ಟ ರೋಗಿಗೇ.

ಇನ್ನೊಂದು ವ್ಯತ್ಯಾಸವೂ ಇದೆ. ಮೀಡಿಯಲ್ ಬ್ರಾಂಚ್ ಬ್ಲಾಕ್ ಬಹಳ ಸಲ ಚಿಕಿತ್ಸೆಯೇ ಅಲ್ಲ, ಅದೊಂದು ಪರೀಕ್ಷೆ. ಅರ್ಧ ಮಿಲಿ ಅಥವಾ ಅದಕ್ಕೂ ಕಡಿಮೆ ಔಷಧ ಹಾಕಿ ಕೆಲವು ಗಂಟೆ ನೋವು ಹೋಗುತ್ತದೆಯೇ ಎಂದು ನೋಡುತ್ತಾರೆ. ಹೋದರೆ ನೋವಿನ ಮೂಲ ಆ ಕೀಲೇ ಇರಬಹುದು. ಹೋಗದಿದ್ದರೆ ಬೇರೆ ಕಡೆ ಹುಡುಕಬೇಕು. ಮರುದಿನ ನೋವು ವಾಪಸ್ ಬಂದರೆ ಇಂಜೆಕ್ಷನ್ ಸುಮ್ನೆ ಹೋಯಿತು ಎಂದು ರೋಗಿ ಬೇಸರಪಡುತ್ತಾರೆ. ಇದು ಪರೀಕ್ಷೆ ಎಂದು ಮೊದಲೇ ಹೇಳಿದ್ದರೆ ಆ ಬೇಸರ ಇರುತ್ತಿರಲಿಲ್ಲ ಅಲ್ವಾ?

ಕೈ ಅಂದಾಜಿನ ಕಾಲ

ಹಿಂದೆ ಇವನ್ನೆಲ್ಲ ಕೈಯಿಂದ ಮೂಳೆ ಮುಟ್ಟಿ ನೋಡಿ, ಅಂದಾಜಿನ ಮೇಲೆ ಹಾಕುತ್ತಿದ್ದರು. ಕೆಲವು ಕಡೆ ಈಗಲೂ ಹಾಗೇ ನಡೆಯುತ್ತದೆ. ಅನುಭವಿ ಕೈಗಳೂ ಎಷ್ಟು ತಪ್ಪುತ್ತವೆ ಎಂಬುದಕ್ಕೆ ಲೆಕ್ಕವಿದೆ. ಎಸ್‌ಐ ಕೀಲಿಗೆ ಅಂದಾಜಿನಲ್ಲಿ ಇಂಜೆಕ್ಷನ್ ಹಾಕಿ, ನಂತರ ಸಿಟಿ ಸ್ಕ್ಯಾನ್ ಮಾಡಿ ನೋಡಿದ 2000ದ ಒಂದು ಅಧ್ಯಯನದಲ್ಲಿ ಔಷಧ ಕೀಲಿನ ಒಳಗೆ ಹೋಗಿದ್ದು ಕೇವಲ 22% ಸಲ. ಬಾಲದ ಮೂಳೆಯ ಹತ್ತಿರದ ಕಿಂಡಿಯಿಂದ ಹಾಕುವ ಕಾಡಲ್ ಎಪಿಡ್ಯೂರಲ್‌ನಲ್ಲೂ ಕಣ್ಣಳತೆಯ ಸೂಜಿ ಸುಮಾರು ನಾಲ್ಕರಲ್ಲಿ ಒಂದು ಸಲ ಮೊದಲ ಪ್ರಯತ್ನದಲ್ಲಿ ತಪ್ಪುತ್ತದೆ ಎಂದು ಹಳೆಯ ಅಧ್ಯಯನಗಳು ತೋರಿಸಿವೆ.

ಹಾಗಾಗಿ ಸಿ-ಆರ್ಮ್ ಬಂತು. ಇದು ಎಕ್ಸ್‌ರೇ ಚಿತ್ರವನ್ನು ಟಿವಿಯಂತೆ ನೇರವಾಗಿ ತೋರಿಸುವ ಯಂತ್ರ. ಸೂಜಿ ಮೂಳೆಯ ಯಾವ ಮೂಲೆಯಲ್ಲಿದೆ ಎಂದು ಇದರಲ್ಲಿ ಕಾಣುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಡೈ ಒಂದು ಹನಿ ಹಾಕಿದರೆ ಔಷಧ ಎತ್ತ ಹರಿಯುತ್ತದೆ ಎಂದೂ ಗೊತ್ತಾಗುತ್ತದೆ. ಕೊರತೆಗಳೂ ಇವೆ. ವಿಕಿರಣ ಇದೆ. ಸೀಸದ ಏಪ್ರನ್ ಹಾಕಬೇಕು. ಯಂತ್ರ ದೊಡ್ಡದು, ಅದಕ್ಕೆ ಆಪರೇಷನ್ ಥಿಯೇಟರ್ ಬೇಕು. ಗರ್ಭಿಣಿಯರಿಗೆ ಬಳಸುವಂತಿಲ್ಲ ಎಂಬಷ್ಟು ಹಿಂಜರಿಕೆ ಇದೆ. ಡೈ ಅಲರ್ಜಿ ಇರುವವರಿಗೆ ತೊಂದರೆ.

ಅಲ್ಟ್ರಾಸೌಂಡ್‌ನಲ್ಲಿ ಇವ್ಯಾವುವೂ ಇಲ್ಲ. ಯಂತ್ರ ಚಿಕ್ಕದು, ವಿಕಿರಣ ಇಲ್ಲ, ಸ್ನಾಯು ಮತ್ತು ರಕ್ತನಾಳ ಎರಡೂ ಕಾಣುತ್ತವೆ. ಅದಕ್ಕೇ ಕಳೆದ ಎರಡು ದಶಕಗಳಲ್ಲಿ ಅದರ ಮೇಲೆ ಇಷ್ಟು ಆಸೆ ಬೆಳೆದಿದೆ.

ಅಲ್ಟ್ರಾಸೌಂಡ್‌ಗೆ ಕಾಣುವುದು, ಕಾಣದಿರುವುದು

ಅಲ್ಟ್ರಾಸೌಂಡ್ ಶಬ್ದದ ಅಲೆಗಳನ್ನು ಒಳಗೆ ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಮೂಳೆ ಆ ಅಲೆಗಳನ್ನು ಹೆಚ್ಚು ಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಎಸೆಯುತ್ತದೆ. ಕತ್ತಲಲ್ಲಿ ಗೋಡೆಗೆ ಟಾರ್ಚ್ ಬಿಟ್ಟಂತೆ. ಗೋಡೆ ಬೆಳ್ಳಗೆ ಕಾಣುತ್ತದೆ, ಗೋಡೆಯ ಹಿಂದಿರುವುದು ಕಾಣುವುದಿಲ್ಲ. ಬೆನ್ನುಮೂಳೆಯಲ್ಲಿ ಇದೇ ದೊಡ್ಡ ಮಿತಿ. ಮೂಳೆಯ ಹೊರಮೈ ಮೇಲಿರುವ ಗುರಿಗಳಿಗೆ ಅಲ್ಟ್ರಾಸೌಂಡ್ ಚೆನ್ನಾಗಿ ದಾರಿ ತೋರಿಸುತ್ತದೆ. ಮೂಳೆಯ ನೆರಳಿನಲ್ಲಿ ಅಡಗಿದ ಗುರಿಗಳಿಗೆ ಆಗುವುದಿಲ್ಲ.

ಇನ್ನೊಂದು ಮಿತಿ ಆಳ. ಕೈ ಅಥವಾ ಕುತ್ತಿಗೆಯ ನರಗಳು ಚರ್ಮದ ಹತ್ತಿರವೇ ಇರುತ್ತವೆ. ಅಲ್ಲಿ ಹೆಚ್ಚು ಆವರ್ತನದ ಅಲೆ ಬಳಸಬಹುದು, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಸೊಂಟದ ಗುರಿಗಳು ಹಲವು ಸೆಂಟಿಮೀಟರ್ ಆಳದಲ್ಲಿರುತ್ತವೆ. ಅಷ್ಟು ಆಳಕ್ಕೆ ಹೋಗಲು 2ರಿಂದ 5 ಮೆಗಾಹರ್ಟ್ಸ್‌ನಷ್ಟು ಕಡಿಮೆ ಆವರ್ತನ ಬೇಕು. ಆಗ ಚಿತ್ರ ಮಸುಕಾಗುತ್ತದೆ. ಮೀಡಿಯಲ್ ಬ್ರಾಂಚ್ ನರ ಅಲ್ಲಿ ನೇರವಾಗಿ ಕಾಣುವುದೇ ಇಲ್ಲ ಎನ್ನಬಹುದು. ಡಾಕ್ಟರ್ ನೋಡುವುದು ಆ ನರ ಹಾದುಹೋಗುವ ಮೂಳೆಯ ಮೂಲೆಯನ್ನು. ಸೂಜಿಯೂ ಕಡಿದಾಗಿ ಇಳಿದರೆ ಅಲೆಗಳು ಅದಕ್ಕೆ ತಾಗಿ ಬೇರೆ ದಿಕ್ಕಿಗೆ ಚಿಮ್ಮುತ್ತವೆ. ಪರದೆಯ ಮೇಲೆ ಸೂಜಿಯ ತುದಿ ಮಾಯವಾಗುತ್ತದೆ.

ಇಷ್ಟಾದರೂ ಫಲಿತಾಂಶ ಕೆಟ್ಟದ್ದಲ್ಲ. 2004ರಲ್ಲಿ ಆಸ್ಟ್ರಿಯಾದ ಗ್ರೆಹರ್ ಮತ್ತು ಅವರ ತಂಡ ಮೃತದೇಹಗಳ ಮೇಲೆ ಅಲ್ಟ್ರಾಸೌಂಡ್ ನೋಡಿಕೊಂಡು 50 ಸೂಜಿ ಹಾಕಿ, ಸಿಟಿಯಲ್ಲಿ ಪರೀಕ್ಷಿಸಿತು. 45 ಸೂಜಿಗಳು ಗುರಿಯಲ್ಲೇ ಇದ್ದವು. 2006ರ ಒಂದು ಅಧ್ಯಯನ ರೋಗಿಗಳಲ್ಲಿ ಸುಮಾರು 95% ಯಶಸ್ಸು ಕಂಡಿತು. ಅದೇ 2004ರಲ್ಲಿ ತೈವಾನಿನ ತಂಡವೊಂದು ಕಾಡಲ್ ಎಪಿಡ್ಯೂರಲ್‌ಗೆ 70 ರೋಗಿಗಳಲ್ಲಿ ಅಲ್ಟ್ರಾಸೌಂಡ್ ಬಳಸಿ, ಎಲ್ಲ 70 ಸೂಜಿಗಳೂ ಸರಿಯಾದ ಜಾಗದಲ್ಲಿವೆ ಎಂದು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡಿತು. ಆ ಕಿಂಡಿ ಚರ್ಮದ ಹತ್ತಿರವೇ ಇದೆ, ಮುಂದೆ ಮೂಳೆಯ ಅಡ್ಡಿ ಇಲ್ಲ. ಸೊಂಟದ ಇಂಜೆಕ್ಷನ್‌ಗಳಲ್ಲಿ ಅಲ್ಟ್ರಾಸೌಂಡ್‌ಗೆ ಅತ್ಯಂತ ಹೊಂದುವ ಕೆಲಸ ಇದೇ.

ಈಗ ಇನ್ನೊಂದು ಮಗ್ಗುಲು. 2009ರಲ್ಲಿ ಇದೇ ಮೀಡಿಯಲ್ ಬ್ರಾಂಚ್ ಬ್ಲಾಕ್ ಅನ್ನು ಬೊಜ್ಜು ಇರುವವರಲ್ಲಿ ಪರೀಕ್ಷಿಸಿದಾಗ ಯಶಸ್ಸು 62%ಕ್ಕೆ ಇಳಿಯಿತು. ಸೊಂಟ ನೋವಿಗೆ ಡಾಕ್ಟರ ಬಳಿ ಬರುವವರಲ್ಲಿ ತೂಕ ಜಾಸ್ತಿ ಇರುವವರು ಎಷ್ಟು ಜನ ಎಂದು ಯೋಚಿಸಿ. ತೆಳ್ಳಗಿನವರಲ್ಲಿ ಸಿಕ್ಕ ಅಂಕಿಯನ್ನು ಎಲ್ಲರಿಗೂ ಹೇಳಿ ನಂಬಿಸುವುದು ಸರಿಯಲ್ಲ.

ಬೆನ್ನುಮೂಳೆಯ ತೀರಾ ಕೆಳಗಿನ ಮಟ್ಟದಲ್ಲೂ ತೊಂದರೆಯಿದೆ. ಅಲ್ಲಿ ಸೊಂಟದ ಮೂಳೆಯ ಅಂಚು ಅಡ್ಡ ಬರುತ್ತದೆ. ಫ್ಯಾಸೆಟ್ ನೋವು ಜಾಸ್ತಿ ಕಾಣಿಸಿಕೊಳ್ಳುವುದು ಕೆಳಗಿನ ಎರಡು ಮಟ್ಟಗಳಲ್ಲೇ. ಜೊತೆಗೆ ಎಣಿಕೆಯ ಸಮಸ್ಯೆ. ಅಲ್ಟ್ರಾಸೌಂಡ್‌ನಲ್ಲಿ ಮಣಿಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಬೇಕು. ಕೆಲವರಿಗೆ ಹುಟ್ಟಿನಿಂದಲೇ ಕೊನೆಯ ಮಣಿ ಕೆಳಗಿನ ಮೂಳೆಗೆ ಅಂಟಿಕೊಂಡಿರುತ್ತದೆ. ಎಕ್ಸ್‌ರೇ ಅಥವಾ ಎಂಆರ್‌ಐ ಪಕ್ಕದಲ್ಲಿ ಇಟ್ಟುಕೊಳ್ಳದೆ ಎಣಿಸಿದರೆ ಒಂದು ಮಟ್ಟ ಮೇಲೆ ಕೆಳಗೆ ಆಗಬಹುದು. ಸೂಜಿ ಪರದೆಯ ಮೇಲೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ತಪ್ಪು ಮಣಿಯಲ್ಲಿ.

ರಕ್ತನಾಳಕ್ಕೆ ಹೋದರೆ

ಸುರಕ್ಷತೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಅಲ್ಟ್ರಾಸೌಂಡ್ ರಕ್ತನಾಳ ತೋರಿಸುತ್ತದೆ, ಆದ್ದರಿಂದ ಅದೇ ಹೆಚ್ಚು ಸುರಕ್ಷಿತ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಚರ್ಮದ ಹತ್ತಿರದ ದೊಡ್ಡ ರಕ್ತನಾಳಗಳ ಮಟ್ಟಿಗೆ ಇದು ನಿಜ. ಸೊಂಟದ ಆಳದಲ್ಲಿ ನರದ ಬೇರಿನ ಜೊತೆಗೆ ಓಡುವ ಸಣ್ಣ ಅಪಧಮನಿಗಳ ಮಟ್ಟಿಗೆ ನಿಜವಲ್ಲ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೂ ಅವನ್ನು ಭರವಸೆಯಿಂದ ಗುರುತಿಸಲಾಗದು.

95% ಯಶಸ್ಸು ಕಂಡ 2006ರ ಅಧ್ಯಯನದಲ್ಲೇ ಇದಕ್ಕೆ ಸಾಕ್ಷಿ ಇದೆ. ಸರಿಯಾದ ಜಾಗದಲ್ಲಿದ್ದ ಎರಡು ಸೂಜಿಗಳಿಂದ ಡೈ ರಕ್ತನಾಳಕ್ಕೆ ಹೋಗುತ್ತಿತ್ತು. ಎಕ್ಸ್‌ರೇ ಇದ್ದದ್ದರಿಂದ ಅದು ಗೊತ್ತಾಯಿತು. ಮೀಡಿಯಲ್ ಬ್ರಾಂಚ್ ಬ್ಲಾಕ್‌ನಲ್ಲಿ ಹೀಗಾದರೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ, ಪರೀಕ್ಷೆಯ ಫಲಿತಾಂಶ ಮಾತ್ರ ತಪ್ಪಾಗುತ್ತದೆ. ಔಷಧ ನರದ ಬಳಿ ನಿಲ್ಲುವುದೇ ಇಲ್ಲ, ನೋವು ಹೋಗುವುದಿಲ್ಲ, ಆ ಕೀಲು ಕಾರಣವಲ್ಲ ಎಂದು ತಪ್ಪಾಗಿ ತೀರ್ಮಾನವಾಗುತ್ತದೆ.

ನರದ ಬೇರಿನ ಕಿಂಡಿಗೇ ಸೂಜಿ ಒಯ್ಯುವ ಟ್ರಾನ್ಸ್‌ಫೊರಾಮಿನಲ್ ಎಪಿಡ್ಯೂರಲ್‌ನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಹಾದುಹೋಗುವ ಅಪಧಮನಿಗಳಲ್ಲಿ ಕೆಲವು ಬೆನ್ನುಹುರಿಗೆ ರಕ್ತ ಒದಗಿಸುತ್ತವೆ. ಹರಳುಹರಳಾಗಿರುವ ಸ್ಟೀರಾಯ್ಡ್ ಅದರೊಳಗೆ ಹೋದರೆ ರಕ್ತ ಕಟ್ಟಿ, ಬೆನ್ನುಹುರಿಯ ಒಂದು ಭಾಗ ಸತ್ತು, ಕಾಲುಗಳ ಶಕ್ತಿಯೇ ಹೋಗಬಹುದು. ಇದು ಬಹಳ ಅಪರೂಪ. ಆದರೆ ಒಮ್ಮೆ ಸಂಭವಿಸಿದರೆ ಸರಿಪಡಿಸಲಾಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರ ಏಪ್ರಿಲ್‌ನಲ್ಲಿ ಎಪಿಡ್ಯೂರಲ್ ಸ್ಟೀರಾಯ್ಡ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ದೃಷ್ಟಿ ಹೋಗುವುದು, ಪಾರ್ಶ್ವವಾಯು, ಸಾವು ಎಲ್ಲವೂ ಅದರಲ್ಲಿದ್ದವು. ಮರುವರ್ಷ ಅಲ್ಲಿನ ಹಲವು ತಜ್ಞ ಸಂಘಗಳು ಸೇರಿ ಮಾಡಿದ ಶಿಫಾರಸಿನ ಪ್ರಕಾರ ಈ ಇಂಜೆಕ್ಷನ್‌ಗೆ ಮೊದಲು ಎಕ್ಸ್‌ರೇ ಅಡಿಯಲ್ಲಿ ಡೈ ಹರಿಯುವುದನ್ನು ನೇರವಾಗಿ ನೋಡಲೇಬೇಕು. ಅಲ್ಟ್ರಾಸೌಂಡ್ ಒಂದರಿಂದಲೇ ಆ ಕೆಲಸ ಆಗುವುದಿಲ್ಲ.

ಆದ್ದರಿಂದ ಯಾವ ಇಂಜೆಕ್ಷನ್ ಎಂಬುದು ಇಲ್ಲಿ ಮುಖ್ಯ. ಕಾಡಲ್, ಎಸ್‌ಐ ಕೀಲು, ಸ್ನಾಯು ಪದರದ ಬ್ಲಾಕ್ ಇವುಗಳಿಗೆ ಅಲ್ಟ್ರಾಸೌಂಡ್ ಒಳ್ಳೆಯ ಆಯ್ಕೆ. ಫ್ಯಾಸೆಟ್ ನರಗಳಿಗೆ ತೆಳ್ಳಗಿನವರಲ್ಲಿ, ಅನುಭವಿ ಕೈಗಳಲ್ಲಿ ನಡೆಯುತ್ತದೆ. ನರದ ಬೇರಿನ ಕಿಂಡಿಗೆ ಸ್ಟೀರಾಯ್ಡ್ ಹಾಕುವಾಗ ಸಿ-ಆರ್ಮ್ ಮತ್ತು ಡೈ ಇರಲೇಬೇಕು ಎಂದು ರೋಗಿ ಪಟ್ಟು ಹಿಡಿದರೂ ತಪ್ಪಲ್ಲ.

ವಾದ, ಪ್ರತಿವಾದ

ಸೂಜಿ ಸರಿಯಾಗಿ ತಲುಪಿತು ಎಂದೇ ಇಟ್ಟುಕೊಳ್ಳೋಣ. ನೋವು ಕಡಿಮೆಯಾಗುತ್ತದೆಯೇ?

ಬಿಎಂಜೆ ಮಾರ್ಗಸೂಚಿಯನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜೇಸನ್ ಬಸ್ಸಿ ಮುಂತಾದವರು ರೂಪಿಸಿದರು. ಸಮಿತಿಯಲ್ಲಿ ವೈದ್ಯರ ಜೊತೆ ಹಳೆಯ ಬೆನ್ನು ನೋವು ಇರುವ ರೋಗಿಗಳೂ ಇದ್ದರು. 81 ಪ್ರಯೋಗಗಳ, ಸುಮಾರು 8,000 ರೋಗಿಗಳ ಫಲಿತಾಂಶಗಳನ್ನು ಒಟ್ಟಿಗೆ ಲೆಕ್ಕ ಹಾಕಲಾಯಿತು. ಹೋಲಿಕೆಗಾಗಿ ಸುಳ್ಳು ಇಂಜೆಕ್ಷನ್ ಪಡೆದವರಿಗೂ ನಿಜವಾದದ್ದು ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಖರ್ಚು ಇದೆ, ಸಣ್ಣದಾದರೂ ಅಪಾಯ ಇದೆ, ಲಾಭ ಕಾಣುತ್ತಿಲ್ಲ, ಆದ್ದರಿಂದ ಬೇಡ ಎಂಬುದು ಅವರ ತರ್ಕ.

ನೋವು ಚಿಕಿತ್ಸಾ ತಜ್ಞರ ಸಂಘಗಳು ಇದನ್ನು ಬಲವಾಗಿ ವಿರೋಧಿಸಿದವು. ಬೆನ್ನು ನೋವು ಒಂದೇ ಕಾಯಿಲೆಯಲ್ಲ, ಅದು ಹತ್ತಾರು ಕಾರಣಗಳ ಒಂದೇ ಲಕ್ಷಣ ಎನ್ನುತ್ತವೆ ಅವು. ಸರಿಯಾಗಿ ಆರಿಸಿದ ರೋಗಿಗಳನ್ನೂ ಆರಿಸದವರನ್ನೂ, ಒಳ್ಳೆಯ ತಂತ್ರವನ್ನೂ ಕೆಟ್ಟ ತಂತ್ರವನ್ನೂ ಒಟ್ಟು ಸೇರಿಸಿ ಸರಾಸರಿ ತೆಗೆದರೆ ಲಾಭ ಅಳಿಸಿಹೋಗುತ್ತದೆ ಎಂಬುದು ಅವರ ಆಕ್ಷೇಪ.

ಈ ಜಗಳ ಹೊಸದಲ್ಲ. 2017ರಲ್ಲಿ ನೆದರ್ಲೆಂಡ್ಸ್‌ನ ಮಿಂಟ್ ಪ್ರಯೋಗಗಳು ಪ್ರಕಟವಾದಾಗಲೂ ಇದೇ ಮಾತುಗಳು ಬಂದಿದ್ದವು. ಅಲ್ಲಿ 681 ಜನರಲ್ಲಿ ಅರ್ಧದಷ್ಟು ಮಂದಿಗೆ ವ್ಯಾಯಾಮ, ಉಳಿದವರಿಗೆ ವ್ಯಾಯಾಮದ ಜೊತೆ ನರಕ್ಕೆ ಶಾಖ ಕೊಡುವ ರೇಡಿಯೊಫ್ರೀಕ್ವೆನ್ಸಿ ಚಿಕಿತ್ಸೆ. ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಿರೋಧಿಗಳು ಹೇಳಿದ್ದು: ಒಂದೇ ಒಂದು ಪರೀಕ್ಷಾ ಬ್ಲಾಕ್ ಮಾಡಿ, 50% ನೋವು ಇಳಿದರೆ ಸಾಕು ಎಂದು ರೋಗಿಗಳನ್ನು ಆರಿಸಿದ್ದೇ ತಪ್ಪು. ಒಂದೇ ಬ್ಲಾಕ್ ನಂಬಿದರೆ ನೋವಿನ ಮೂಲವಲ್ಲದ ಕೀಲನ್ನೂ ಮೂಲ ಎಂದು ಭಾವಿಸುವ ಸಾಧ್ಯತೆ 25ರಿಂದ 40% ಇದೆ.

ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಇರಿಯುವುದು ಆಕ್ಷೇಪ ಎತ್ತಿದವರನ್ನೂ. ಆರಿಸುವುದು ಅಷ್ಟು ಮುಖ್ಯವಾದರೆ ದಿನನಿತ್ಯದ ಕ್ಲಿನಿಕ್‌ಗಳಲ್ಲಿ ಎರಡು ಬೇರೆ ದಿನ ಎರಡು ಪರೀಕ್ಷಾ ಬ್ಲಾಕ್ ಮಾಡಿ, ಗಂಟೆಗಂಟೆಗೆ ನೋವಿನ ಅಂಕ ಬರೆಸಿಕೊಂಡು, ಆಮೇಲೆ ಮುಂದುವರಿಯುತ್ತಿದ್ದಾರೆಯೇ? ಎಂಆರ್‌ಐ ನೋಡಿದ ದಿನವೇ ಇಂಜೆಕ್ಷನ್ ನಿಗದಿಯಾಗುವ ಕಡೆಗಳಲ್ಲಿ ಈ ವಾದಕ್ಕೆ ಬೆಲೆ ಇಲ್ಲ.

ಅಮೆರಿಕದ ನರರೋಗ ತಜ್ಞರ ವರದಿಗೂ ಬಿಎಂಜೆಗೂ ಮೇಲ್ನೋಟಕ್ಕೆ ಕಾಣುವಷ್ಟು ವಿರೋಧವಿಲ್ಲ. ನರದ ಬೇರಿನ ನೋವಿನಲ್ಲಿ, ಇಂಜೆಕ್ಷನ್ ಪಡೆಯದವರಿಗೆ ಹೋಲಿಸಿದರೆ ಪಡೆದವರ ಪೈಕಿ ನೂರಕ್ಕೆ 24ರಷ್ಟು ಹೆಚ್ಚು ಮಂದಿಗೆ ಮೂರು ತಿಂಗಳೊಳಗೆ ನೋವು ಇಳಿಯಿತು ಎಂದು ಮೊದಲನೆಯದು ಹೇಳುತ್ತದೆ. ಸರಾಸರಿ ಎಷ್ಟು ಇಳಿಯಿತು? ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಕಾಲು ನೋವು 100 ಅಂಕದ ಅಳತೆಯಲ್ಲಿ ಸುಳ್ಳು ಇಂಜೆಕ್ಷನ್‌ಗಿಂತ 5 ಅಂಕದಷ್ಟು ಹೆಚ್ಚು. ಕೆಲವರಿಗೆ ಚೆನ್ನಾಗಿ ಇಳಿದಿರಬಹುದು, ಹಲವರಿಗೆ ಏನೂ ಆಗಿರಲಿಕ್ಕಿಲ್ಲ. ಬಿಎಂಜೆ ಮಾತಾಡುವುದು ಮೂರು ತಿಂಗಳು ದಾಟಿದ ನೋವಿನ ಬಗ್ಗೆ ಮಾತ್ರ. ಹೊಸದಾಗಿ ಶುರುವಾದ, ನಿದ್ದೆಗೆಡಿಸುವ ಸಯಾಟಿಕಾ ಅದರ ವ್ಯಾಪ್ತಿಯಲ್ಲಿಲ್ಲ.

ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಈ ಗೆರೆ ಎಳೆದಿತ್ತು. ಬರೀ ಸೊಂಟ ನೋವಿಗೆ ಇಂಜೆಕ್ಷನ್ ಬೇಡ. ಹೊಸ, ತೀವ್ರ ಸಯಾಟಿಕಾ ಇದ್ದರೆ ಎಪಿಡ್ಯೂರಲ್ ಯೋಚಿಸಬಹುದು. ಬೇರೆ ಚಿಕಿತ್ಸೆ ಫಲಿಸದೆ, ಪರೀಕ್ಷಾ ಬ್ಲಾಕ್‌ಗೆ ನೋವು ಸ್ಪಷ್ಟವಾಗಿ ಇಳಿದವರಿಗೆ ರೇಡಿಯೊಫ್ರೀಕ್ವೆನ್ಸಿ ಯೋಚಿಸಬಹುದು. ಇಷ್ಟು ವರ್ಷಗಳ ಪುರಾವೆ ನೋಡಿದರೆ ಇದೇ ಹೆಚ್ಚು ನ್ಯಾಯವಾದ ನಿಲುವು ಎನಿಸುತ್ತದೆ. ಡಿಸ್ಕ್‌ನಿಂದ ಬರುವ ಸಯಾಟಿಕಾ ಬಹಳ ಜನರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ತಗ್ಗುತ್ತದೆ. ಆ ಕೆಟ್ಟ ವಾರಗಳನ್ನು ದಾಟಿಸಲು ಒಂದು ಇಂಜೆಕ್ಷನ್ ನೆರವಾದರೆ, ಆಪರೇಷನ್ ಅಷ್ಟು ಮುಂದಕ್ಕೆ ಹೋದರೆ, ಅದು ಸಣ್ಣ ಲಾಭವಲ್ಲ.

ಈ ಇಡೀ ವಾಗ್ವಾದದಲ್ಲಿ ಅಲ್ಟ್ರಾಸೌಂಡ್‌ನ ಜಾಗ ಎಲ್ಲಿ? ಸಿ-ಆರ್ಮ್ ಮತ್ತು ಅಲ್ಟ್ರಾಸೌಂಡ್ ಹೋಲಿಸಿದ ಅಧ್ಯಯನಗಳಲ್ಲಿ ನೋವು ಇಳಿಯುವ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಅಂದರೆ ಅಲ್ಟ್ರಾಸೌಂಡ್ ವಿಕಿರಣ ತಪ್ಪಿಸುತ್ತದೆ, ಅನುಕೂಲ ಕೊಡುತ್ತದೆ. ಫಲಿತಾಂಶ ಹೆಚ್ಚಿಸುವುದಿಲ್ಲ. ಬಿಎಂಜೆ ಪ್ರಶ್ನಿಸಿದ ಚಿಕಿತ್ಸೆಗೆ ಹೊಸ ಯಂತ್ರ ಜೋಡಿಸಿದ ಮಾತ್ರಕ್ಕೆ ಆ ಪ್ರಶ್ನೆ ಹೋಗುವುದಿಲ್ಲ.

ಭಾರತದಲ್ಲಿ ಕಾನೂನಿನ ತೊಡಕು

ಬೇರೆ ಹಲವು ದೇಶಗಳಲ್ಲಿ ಇಲ್ಲದ ಒಂದು ಅಡ್ಡಿ ನಮ್ಮಲ್ಲಿದೆ. ಇಲ್ಲಿ ಅಲ್ಟ್ರಾಸೌಂಡ್ ಯಂತ್ರ ಪಿಸಿಪಿಎನ್‌ಡಿಟಿ ಕಾಯ್ದೆಯ ಅಡಿ ಬರುತ್ತದೆ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ, 2003ರಲ್ಲಿ ಬಿಗಿಯಾದ ಕಾನೂನಿದು. ಭ್ರೂಣದ ಲಿಂಗ ತೋರಿಸಬಲ್ಲ ಯಾವುದೇ ಯಂತ್ರ ನೋಂದಣಿಯಾಗಬೇಕು. ಅದನ್ನು ಬಳಸುವ ಡಾಕ್ಟರ ಹೆಸರು ದಾಖಲಾಗಿರಬೇಕು. ಜಾಗ ಅಥವಾ ಬಳಸುವವರು ಬದಲಾದರೆ ಮೊದಲೇ ತಿಳಿಸಬೇಕು. ತಪ್ಪಿದರೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಮತ್ತು 10,000 ರೂಪಾಯಿವರೆಗೆ ದಂಡ. ಒಯ್ಯಬಲ್ಲ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳಗೆ ದಾಖಲಾದ ರೋಗಿಗಳಿಗೆ, ಇಲ್ಲವೇ ಸಂಚಾರಿ ಆಸ್ಪತ್ರೆಯ ಭಾಗವಾಗಿ ಮಾತ್ರ ಬಳಸಬಹುದು.

ಸೊಂಟದ ಗುರಿಗೆ ಬಳಸುವ ಕಡಿಮೆ ಆವರ್ತನದ ಬಾಗಿದ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಭಾಗ), ಹೊಟ್ಟೆ ಸ್ಕ್ಯಾನ್‌ಗೆ ಬಳಸುವ ಪ್ರೋಬೇ. ಹಾಗಾಗಿ ಬೆನ್ನಿಗೆ ಮಾತ್ರ ಬಳಸುತ್ತೇನೆ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಪರಿಣಾಮ ಏನು? ಅಲ್ಟ್ರಾಸೌಂಡ್‌ನ ದೊಡ್ಡ ಗುಣವೇ ಅದನ್ನು ರೋಗಿ ಇರುವಲ್ಲಿಗೆ ಒಯ್ಯಬಹುದು ಎಂಬುದು. ಆ ಗುಣಕ್ಕೇ ಇಲ್ಲಿ ಬೇಲಿ ಇದೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಯಂತ್ರ ರೇಡಿಯಾಲಜಿ ಕೋಣೆಯಲ್ಲಿರುತ್ತದೆ, ನೋಂದಣಿಯಲ್ಲಿ ರೇಡಿಯಾಲಜಿಸ್ಟ್ ಹೆಸರು ಮಾತ್ರ ಇರುತ್ತದೆ. ಪಕ್ಕದ ಥಿಯೇಟರ್‌ನಲ್ಲಿರುವ ಅರಿವಳಿಕೆ ತಜ್ಞರು ಅದನ್ನು ಮುಟ್ಟಲು ಹೆದರುತ್ತಾರೆ. ಹಲವು ಊರು ಸುತ್ತುವ ತಜ್ಞರು ಯಂತ್ರವನ್ನು ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಕೊನೆಗೆ ಕೆಲವು ಕಡೆ ಮತ್ತೆ ಕಣ್ಣಳತೆಯ ಸೂಜಿಯೇ ಗತಿ.

ಹಾಗಾದರೆ ಕಾನೂನು ಸಡಿಲಿಸಬೇಕೇ? ಅರಿವಳಿಕೆ ಮತ್ತು ನೋವು ತಜ್ಞರಲ್ಲಿ ಈ ಬೇಡಿಕೆ ಇದೆ. ಅವರ ಕಷ್ಟ ನಿಜ. ಆದರೆ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಬಯಲಾದದ್ದನ್ನು ಕರ್ನಾಟಕ ಮರೆಯುವಂತಿಲ್ಲ. ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದರು. ಅಂಥ ಜಾಲಕ್ಕೆ ಬೇಕಾದದ್ದು ಇದೇ, ಸುಲಭವಾಗಿ ಎತ್ತಿಕೊಂಡು ಹೋಗುವ ಯಂತ್ರ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಆರು ವರ್ಷದೊಳಗಿನ 1,000 ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳಿದ್ದರು. ಬೆನ್ನು ನೋವಿನ ಅನುಕೂಲಕ್ಕಾಗಿ ಈ ಬೇಲಿ ಕಿತ್ತುಹಾಕುವುದು ಸರಿಯಾಗದು. ಕಾನೂನಿನ ಒಳಗೇ ಮಾಡಬಹುದಾದ ಕೆಲಸವಿದೆ. ಆಸ್ಪತ್ರೆಗಳು ಅರಿವಳಿಕೆ ತಜ್ಞರ ಹೆಸರನ್ನೂ ಬಳಕೆದಾರರ ಪಟ್ಟಿಗೆ ಸೇರಿಸಬೇಕು, ಜಿಲ್ಲಾ ಅಧಿಕಾರಿಗಳು ಆ ಅರ್ಜಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬಾರದು. ಇಷ್ಟಾದರೆ ಅರ್ಧ ತೊಂದರೆ ಹೋಗುತ್ತದೆ.

ಮುಂದೆ ಏನಾಗಬಹುದು

ಬಿಎಂಜೆ ಮಾರ್ಗಸೂಚಿಯ ಬಿಸಿ ಮೊದಲು ತಟ್ಟುವುದು ವಿಮೆಯಲ್ಲಿ. ಬೇಡ ಎಂದೇ ಬಲವಾದ ಶಿಫಾರಸು ಇರುವಾಗ ಕ್ಲೇಮ್ ತಿರಸ್ಕರಿಸಲು ವಿಮಾ ಕಂಪನಿಗಳಿಗೆ ಒಂದು ಆಧಾರ ಸಿಕ್ಕಂತಾಗುತ್ತದೆ. ಹಳೆಯ ನೋವಿಗೂ ಹೊಸ ಸಯಾಟಿಕಾಗೂ ವ್ಯತ್ಯಾಸ ಮಾಡದೆ ಎಲ್ಲವನ್ನೂ ತಿರಸ್ಕರಿಸುವ ಅಪಾಯವೂ ಇದೆ. ಆದ್ದರಿಂದ ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದೆಯೇ, ಇದುವರೆಗೆ ಯಾವ ಚಿಕಿತ್ಸೆ ಆಗಿದೆ ಎಂಬುದು ಡಾಕ್ಟರ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರಲಿ.

ಇನ್ನೊಂದು ಸಾಧ್ಯತೆ, ಇಂಜೆಕ್ಷನ್ ಮೇಲಿನ ಭಯ ಹೆಚ್ಚುವುದು. ಸಿಸೇರಿಯನ್ ವೇಳೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಜೀವನಪೂರ್ತಿ ಸೊಂಟ ನೋವು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಈಗಿನ ಸುದ್ದಿಯೂ ಅದರ ಜೊತೆ ಸೇರಿ, ಹೆರಿಗೆಯ ಅರಿವಳಿಕೆಗೇ ಹಿಂಜರಿಯುವಂತಾದರೆ ತುಂಬಾ ಕೆಟ್ಟದು. ಅದು ಬೇರೆ ಔಷಧ, ಬೇರೆ ಉದ್ದೇಶ.

ನಿಮಗೆ ಅಥವಾ ಮನೆಯವರಿಗೆ ನರ್ವ್ ಬ್ಲಾಕ್ ಹೇಳಿದ್ದರೆ ಯಂತ್ರದ ಬಗ್ಗೆ ಕೇಳುವ ಮೊದಲು ಇದು ಪರೀಕ್ಷೆಯೋ ಚಿಕಿತ್ಸೆಯೋ ಎಂದು ಕೇಳಿ. ಯಾವ ನರ, ಯಾವ ಮಟ್ಟ, ಸ್ಟೀರಾಯ್ಡ್ ಇದೆಯೇ ಎಂದು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಶುಗರ್ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೂತ್ರ ಕಟ್ಟಿದರೆ, ತೊಡೆಯ ಸಂದು ಜೋಮು ಹಿಡಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಗ್ಗಿದರೆ, ಜ್ವರದ ಜೊತೆ ಬೆನ್ನು ನೋವು ಬಂದರೆ ಬ್ಲಾಕ್‌ಗಾಗಿ ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷಾ ಬ್ಲಾಕ್ ಆದ ದಿನ ಒಂದು ಹಾಳೆ ಇಟ್ಟುಕೊಳ್ಳಿ. ಇಂಜೆಕ್ಷನ್‌ಗೆ ಮುಂಚೆ ನೋವು ಹತ್ತಕ್ಕೆ ಎಷ್ಟು, ಅರ್ಧ ಗಂಟೆಯ ನಂತರ ಎಷ್ಟು, ಆಮೇಲೆ ರಾತ್ರಿವರೆಗೆ ಗಂಟೆಗೊಮ್ಮೆ ಎಷ್ಟು ಎಂದು ಬರೆಯಿರಿ. ಸುಮ್ಮನೆ ಮಲಗಿರಬೇಡಿ, ಯಾವ ಕೆಲಸಕ್ಕೆ ನೋವು ಬರುತ್ತಿತ್ತೋ ಅದನ್ನು ಮಾಡಿ ನೋಡಿ: ಬಗ್ಗಿ ಏಳುವುದು, ಮೆಟ್ಟಿಲು ಹತ್ತುವುದು, ಸ್ವಲ್ಪ ಹೊತ್ತು ನಿಂತು ಅಡುಗೆ ಮಾಡುವುದು. ಮುಂದಿನ ಭೇಟಿಯಲ್ಲಿ ಡಾಕ್ಟರ್ ಆ ಹಾಳೆಯನ್ನು ಕೇಳಿ ನೋಡಬೇಕು. ನೋಡದೆಯೇ ರೇಡಿಯೊಫ್ರೀಕ್ವೆನ್ಸಿಗೆ ದಿನ ಗೊತ್ತುಮಾಡಿದರೆ ಬೇರೆ ಡಾಕ್ಟರ ಅಭಿಪ್ರಾಯ ಪಡೆಯಿರಿ.